‘ಪಬ್ಲಿಕ್ ಎನ್‌ಕ್ವೈರಿ’ಗೆ ಕನ್ನಡದಲ್ಲಿ ಏನನ್ನೋಣ? ‘ವಿಚಾರಣೆ’ ಸಾಲುತ್ತಿಲ್ಲ

ಗೆಳೆಯರೇ, ಒಂದು ಪದದ ವಿಷಯದಲ್ಲಿ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಬ್ರಿಟನ್ನಿನ ಒಂದು ವರದಿಯ ಸಾರವನ್ನು ಕನ್ನಡಕ್ಕೆ ತರುತ್ತಿದ್ದೇನೆ. 2005ರ ಏಪ್ರಿಲ್ 30ರಂದು ಲಂಡನ್ನಿನ ಎಡ್ಜ್‌ವೇರ್‌ನಲ್ಲಿ ಪೊಲೀಸರು ಒಂದು ಕಾರನ್ನು ಅಡ್ಡಗಟ್ಟಿದರು. ಹಿಂದಿನ ಸೀಟಿನಲ್ಲಿದ್ದ ಅಜೆಲ್ ರಾಡ್ನಿ ಎಂಬ 24 ವರ್ಷದ ಯುವಕನ ಮೇಲೆ ಒಬ್ಬ ಪೊಲೀಸ್ ಗುಂಡು ಹಾರಿಸಿದ. ಸುಮಾರು 2 ಸೆಕೆಂಡಿನಲ್ಲಿ 8 ಗುಂಡು. ರಾಡ್ನಿ ಅಲ್ಲೇ ಸತ್ತ.

ಇಂಥ ಸಾವಾದರೆ ಅಲ್ಲಿ ಮಾಮೂಲಿಯಾಗಿ ಕರೋನರ್ ಎಂಬ ಅಧಿಕಾರಿ ಜ್ಯೂರಿಯನ್ನು ಕೂರಿಸಿಕೊಂಡು, ಸಾವು ಹೇಗಾಯಿತು ಅಂತ ನೋಡುತ್ತಾರೆ. ಈ ಕೇಸಿನಲ್ಲಿ ಪೊಲೀಸರ ಹತ್ತಿರ ಇದ್ದ ಕೆಲವು ಗುಪ್ತ ಮಾಹಿತಿಯನ್ನು ಕರೋನರ್‌ಗೂ ತೋರಿಸುವಂತಿರಲಿಲ್ಲ, ಜ್ಯೂರಿಗೂ ತೋರಿಸುವಂತಿರಲಿಲ್ಲ. ಕಾನೂನೇ ಅಡ್ಡ ಬಂತು. ಕೊನೆಗೆ 2005ರ ಇನ್‌ಕ್ವೈರೀಸ್ ಆಕ್ಟ್ ಅಡಿಯಲ್ಲಿ ನಿವೃತ್ತ ನ್ಯಾಯಾಧೀಶ ಸರ್ ಕ್ರಿಸ್ಟೋಫರ್ ಹಾಲೆಂಡ್ ಅವರನ್ನು ಕೂರಿಸಿ ‘ಪಬ್ಲಿಕ್ ಎನ್‌ಕ್ವೈರಿ’ ಮಾಡಿಸಿದರು. ವರದಿ ಬಂದದ್ದು 2013ರ ಜುಲೈನಲ್ಲಿ. ಅಷ್ಟು ವರ್ಷ ಆ ತಾಯಿ ಮಗನ ಸಾವಿಗೆ ಉತ್ತರ ಕೇಳುತ್ತಲೇ ಇದ್ದರು.

ನಾನು ಮೊದಲ ಕರಡಿನಲ್ಲಿ ಎಲ್ಲ ಕಡೆ ‘ವಿಚಾರಣೆ’ ಅಂತಲೇ ಬರೆದಿದ್ದೆ. ಅದನ್ನು ಅಕ್ಕನಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು: “ಒಂದು ಸಲ ವಿಚಾರಣೆ ಆಯ್ತು, ಗುಂಡು ಹೊಡೆದದ್ದು ತಪ್ಪು ಅಂತ ಬಂತು. ಮತ್ತೆ 2015ರಲ್ಲಿ ಇನ್ನೊಂದು ವಿಚಾರಣೆ ಆಗಿ ಬಿಡುಗಡೆ ಅಂತೀಯಲ್ಲ, ಯಾವುದು ನಿಜ?” ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪು ನನ್ನ ಪದದಲ್ಲಿತ್ತು.

ಆಗಿದ್ದಿಷ್ಟು. ಗುಂಡು ಹಾರಿಸಿದ ಪೊಲೀಸ್ ಅಧಿಕಾರಿ ಹೇಳಿದ್ದು: ರಾಡ್ನಿ ಕೆಳಗೆ ಬಗ್ಗಿ ಮೇಲೆದ್ದ, ಕೈಯಲ್ಲಿ ಬಂದೂಕು ಇರಬೇಕು ಅಂದುಕೊಂಡೆ. ಹಾಲೆಂಡ್ ಅವರು ಕಾರು ನಿಂತ ಗಳಿಗೆಯಿಂದ ಮೊದಲ ಗುಂಡಿನವರೆಗಿನ ಹೊತ್ತನ್ನು ಅಳೆದು ನೋಡಿದರು. ಒಂದು ಸೆಕೆಂಡೂ ಇರಲಿಲ್ಲ. ಆ ಮಾತನ್ನು ಒಪ್ಪಲಾಗದು, ಗುಂಡು ಹಾರಿಸಲು ಕಾನೂನಿನ ಸಮರ್ಥನೆ ಇರಲಿಲ್ಲ ಎಂದು ಬರೆದರು. ಅದು ವರದಿ. ಆಮೇಲೆ ಆ ಅಧಿಕಾರಿಯ ಮೇಲೆ ಕೊಲೆ ಕೇಸು ನಡೆಯಿತು, ಜ್ಯೂರಿ 2015ರಲ್ಲಿ ತಪ್ಪಿತಸ್ಥ ಅಲ್ಲ ಎಂದಿತು. ಅದು ತೀರ್ಪು. ಇನ್‌ಕ್ವೈರೀಸ್ ಆಕ್ಟ್‌ನ 2ನೇ ಸೆಕ್ಷನ್ ಪ್ರಕಾರ ಎನ್‌ಕ್ವೈರಿ ನಡೆಸುವವರು ಯಾರನ್ನೂ ಅಪರಾಧಿ ಅಂತ ತೀರ್ಮಾನಿಸುವಂತಿಲ್ಲ. ಎರಡಕ್ಕೂ ನಾನು ಒಂದೇ ಪದ ಬಳಸಿದರೆ ಓದುವವರಿಗೆ ಗೊಂದಲ ಆಗದೆ ಇರುತ್ತದಾ?

‘ವಿಚಾರಣೆ’ ನಮ್ಮಲ್ಲಿ ಜಾಸ್ತಿ ದುಡಿಯುವ ಪದ. ಪೊಲೀಸರು ಠಾಣೆಗೆ ಕರೆದೊಯ್ದು ಪ್ರಶ್ನೆ ಕೇಳಿದರೆ ವಿಚಾರಣೆ. ಕೋರ್ಟಿನಲ್ಲಿ ಕೇಸು ನಡೆದರೆ ವಿಚಾರಣೆ. ಆಫೀಸಿನಲ್ಲಿ ನೌಕರನ ಮೇಲೆ ದೂರು ಬಂದರೆ ಇಲಾಖಾ ವಿಚಾರಣೆ. ಯೋಗಕ್ಷೇಮ ವಿಚಾರಿಸುವುದೂ ಇದೇ ಕ್ರಿಯಾಪದ, “ನಿನ್ನ ಆಮೇಲೆ ವಿಚಾರಿಸ್ಕೋತೀನಿ” ಅಂತ ಗದರಿಸುವುದೂ ಇದೇ. ‘ತನಿಖೆ’ ಹಾಕೋಣ ಅಂದರೆ ಅದು ಪೊಲೀಸರು ಸಾಕ್ಷಿ ಕಲೆಹಾಕುವ ಕೆಲಸ. 1973ರ ದಂಡ ಪ್ರಕ್ರಿಯಾ ಸಂಹಿತೆಯೂ ಪೊಲೀಸರ ಇನ್‌ವೆಸ್ಟಿಗೇಶನ್ ಬೇರೆ, ಮ್ಯಾಜಿಸ್ಟ್ರೇಟರ ಎನ್‌ಕ್ವೈರಿ ಬೇರೆ, ಟ್ರಯಲ್ ಬೇರೆ ಅಂತ ಬಿಡಿಸಿ ಇಟ್ಟಿತ್ತು. ಪತ್ರಿಕೆಗಳಲ್ಲಿ ಮೂರೂ ಕಲಸಿಹೋಗಿವೆ.

ಇನ್ನು ‘ಪಬ್ಲಿಕ್’. ‘ಸಾರ್ವಜನಿಕ ವಿಚಾರಣೆ’ ಅಂದರೆ ಜನರನ್ನೇ ಕೂರಿಸಿ ಪ್ರಶ್ನೆ ಕೇಳಿದ ಹಾಗೆ ಕೇಳುತ್ತದೆ. ಇಲ್ಲವೇ ಅಣೆಕಟ್ಟೋ ಕಾರ್ಖಾನೆಯೋ ಬರುವಾಗ ನಡೆಯುವ ಅಹವಾಲು ಸಭೆ ನೆನಪಾಗುತ್ತದೆ. ‘ಬಹಿರಂಗ ವಿಚಾರಣೆ’ ಕಿವಿಗೆ ಚೆನ್ನಾಗಿದೆ, ಆದರೆ ಬ್ರಿಟನ್ನಿನ ಇನ್‌ಕ್ವೈರೀಸ್ ಆಕ್ಟೇ ಕೆಲವು ಭಾಗವನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲು ಬಿಡುತ್ತದೆ. ಇಲ್ಲಿ ಪಬ್ಲಿಕ್ ಅಂದರೆ ಇಡೀ ಸಮಾಜಕ್ಕೆ ಉತ್ತರ ಕೊಡಬೇಕಾದ ಸಂಗತಿ ಎಂಬ ಅರ್ಥವೇ ಹೆಚ್ಚು.

ಸದ್ಯಕ್ಕೆ ನಾನು ‘ವಿಚಾರಣಾ ಆಯೋಗ’ಕ್ಕೆ ಬಂದು ನಿಂತಿದ್ದೇನೆ. ಅಲ್ಲಿ ಅದನ್ನು ಆಯೋಗ ಅನ್ನುವುದಿಲ್ಲ, ಗೊತ್ತು. ಆದರೆ ನಮ್ಮ 1952ರ ವಿಚಾರಣಾ ಆಯೋಗಗಳ ಕಾಯ್ದೆಯೂ ಹತ್ತಿರ ಹತ್ತಿರ ಇದೇ ಕೆಲಸ ಮಾಡುತ್ತದೆ. ಆಯೋಗ ಸತ್ಯ ಹುಡುಕಿ ವರದಿ ಕೊಡುತ್ತದೆ, ಶಿಕ್ಷೆ ಕೊಡುವುದಿಲ್ಲ. ‘ಆಯೋಗದ ವರದಿ’ ಅಂದ ಕೂಡಲೇ ಕನ್ನಡದ ಓದುಗರಿಗೆ ಇದು ಕೋರ್ಟಲ್ಲ ಅಂತ ಗೊತ್ತಾಗುತ್ತದೆ. ‘ವಿಚಾರಣೆ’ಯನ್ನು ಕೋರ್ಟಿಗೆ ಮಾತ್ರ ಬಿಟ್ಟಿದ್ದೇನೆ.

ಈ ಬದಲಾವಣೆ ಮಾಡಿದ ಮೇಲೆ ಬೇರೆ ವಾಕ್ಯಗಳನ್ನೂ ತಿದ್ದಬೇಕಾಯಿತು. ‘ಅಧಿಕಾರಿ ವಿಚಾರಣೆ ಎದುರಿಸಿದ’ ಅಂತ ಬರೆದಿದ್ದೆ. ‘ಎದುರಿಸಿದ’ ಅಂದ ತಕ್ಷಣ ಅವನು ಆರೋಪಿ ಆಗಿಬಿಡುತ್ತಾನೆ. ಆಯೋಗದ ಮುಂದೆ ಅವನು ಸಾಕ್ಷಿ. ಹೆಸರು ಮುಚ್ಚಿಟ್ಟು ‘ಇ7’ ಎಂಬ ಗುರುತಿನಲ್ಲಿ ಸಾಕ್ಷ್ಯ ನುಡಿದ. ಈಗ ‘ಹೇಳಿಕೆ ಕೊಟ್ಟ’ ಅಂತ ಮಾಡಿದ್ದೇನೆ.

ಗುಂಡು ಹಾರಿಸಿದ್ದಕ್ಕೂ ಪದ ಹುಡುಕಿದೆ. ‘ಗೋಲಿಬಾರ್’ ಗುಂಪಿನ ಮೇಲೆ ಹಾರಿಸಿದ್ದಕ್ಕೆ ಹೇಳುವುದು. ‘ಎನ್‌ಕೌಂಟರ್’ ಅಂದರೆ ಎರಡೂ ಕಡೆಯಿಂದ ಗುಂಡು ಹಾರಿತು ಅನ್ನಿಸುತ್ತದೆ. ಆ ಕಾರಿನಲ್ಲಿ ಬಂದೂಕುಗಳು ಸಿಕ್ಕಿದ್ದು ನಿಜ, ಆದರೆ ಒಳಗಿಂದ ಒಂದು ಗುಂಡೂ ಹಾರಿರಲಿಲ್ಲ. ‘ಗುಂಡಿಗೆ ಬಲಿ’ ಅಂದರೆ ಹಾರಿಸಿದವರೇ ಕಾಣೆಯಾಗುತ್ತಾರೆ. ಹಾಗಾಗಿ ‘ಪೊಲೀಸ್ ಗುಂಡು ಹಾರಿಸಿದ, ಯುವಕ ಸತ್ತ’ ಅಂತ ನೇರವಾಗಿ ಬರೆದೆ.

ನನಗೆ ದಾರಿ ಕಾಣದಿರುವುದು ಇನ್ನೊಂದು ಪದಕ್ಕೆ: ‘ಲಾಫುಲ್ ಕಿಲ್ಲಿಂಗ್’. 2015ರ ಡಿಸೆಂಬರ್‌ನಲ್ಲಿ ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಜರ್ಮೈನ್ ಬೇಕರ್ ಪೊಲೀಸ್ ಗುಂಡಿಗೆ ಸತ್ತಾಗಲೂ ಇಂಥದೇ ಎನ್‌ಕ್ವೈರಿ ಆಯಿತು. 2022ರ ವರದಿ ಕೊಟ್ಟ ಉತ್ತರ ‘ಲಾಫುಲ್ ಕಿಲ್ಲಿಂಗ್’, ಅಂದರೆ ಕೊಂದದ್ದು ಕಾನೂನಿನ ಮಿತಿಯೊಳಗೇ ಇತ್ತು ಅಂತ. ಹೋಲಿಸಿ ಬರೆಯೋಣ ಅಂದರೆ ಪದವೇ ಇಲ್ಲ. ‘ಕಾನೂನುಬದ್ಧ ಹತ್ಯೆ’ ನನಗೆ ಒಗ್ಗುತ್ತಿಲ್ಲ. ‘ಹತ್ಯೆ’ಯೊಳಗೆ ಪಾಪದ ವಾಸನೆ ಇದೆ, ಬ್ರಹ್ಮಹತ್ಯೆ, ಆತ್ಮಹತ್ಯೆ, ಭ್ರೂಣಹತ್ಯೆ ನೋಡಿ. ‘ಕಾನೂನುಬದ್ಧ ಸಾವು’ ಅಂದರೆ ಕೊಂದದ್ದೇ ಮಾಯವಾಗುತ್ತದೆ. ‘ಕಾನೂನು ಮೀರದೆ ಕೊಂದದ್ದು’ ಅಂತ ಬರೆದು ನೋಡಿದೆ. ಉದ್ದ ಆಯಿತು, ಆದರೆ ಕೊಂದದ್ದೂ ಉಳಿಯಿತು, ಕಾನೂನೂ ಉಳಿಯಿತು. ಕೋರ್ಟಿನ ಕನ್ನಡ ಬಲ್ಲವರು ಯಾರಾದರೂ ಇದಕ್ಕಿಂತ ಚಿಕ್ಕದೊಂದು ಬಳಸಿದ್ದೀರಾ? ತಲೆಬರಹದಲ್ಲಿ ಹಿಡಿಸಬೇಕು.