ಫಿಶ್ ಫೈಂಡರ್‌ಗೆ ಕನ್ನಡ ಪದ: ನಾಡದೋಣಿಯವರ ಕರಪತ್ರಕ್ಕೆ ತುರ್ತಾಗಿ ಬೇಕಾಗಿದೆ

ಪ್ರಶ್ನೆ:
ಕಡಿಮೆ ಬೆಲೆಯ, ಕೈಯಲ್ಲಿ ಒಯ್ಯಬಹುದಾದ ಫಿಶ್ ಫೈಂಡರನ್ನು (ನೀರಿನೊಳಗಿನ ಮೀನಿನ ಸುಳಿವು ಕೊಡುವ ಸಾಧನ) ಆರಿಸುವುದು ಹೇಗೆಂದು ನಾಡದೋಣಿಯ ಮೀನುಗಾರರಿಗೆ ತಿಳಿಸುವ ಕರಪತ್ರವೊಂದು ನಾಳೆ ಅಚ್ಚಿಗೆ ಹೋಗಬೇಕು. ಸಾಧನಕ್ಕೆ ‘ಮೀನುಶೋಧಕ’ ಎಂದು ಬರೆದಿದ್ದೇನೆ. ಟ್ರಾನ್ಸ್‌ಡ್ಯೂಸರ್, ಬೀಮ್ ಆ್ಯಂಗಲ್, ಫ್ಯಾದಮ್, ವಾಟರ್‌ಪ್ರೂಫ್ ಎಂಬವುಗಳಿಗೆ ಏನು ಬರೆಯಬೇಕೆಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
‘ಮೀನುಶೋಧಕ’ ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ, ವ್ಯಾಕರಣ ಒಪ್ಪದ ಸಮಾಸ), ಕೂಡದು. ‘ಮೀನು’ ಎಂಬುದು ‘ಮಿನುಗು’ವಿನ ಒಡಹುಟ್ಟೆಂದು ನನ್ನ ದೃಢವಾದ ಮತ. ಅಂತಹ ಅಚ್ಚಗನ್ನಡ ಪದಕ್ಕೆ ಸಂಸ್ಕೃತದ ಬಾಲ ಅಂಟಿಸುವುದನ್ನು ಹಳಗನ್ನಡ ವ್ಯಾಕರಣಕಾರ ಕೇಶಿರಾಜನ ಸೂತ್ರ ಓದಿದವರಾರೂ ಒಪ್ಪಲಾರರು. ‘ಮೀನ್‌ಹುಡುಕ’ ಎಂದು ಬರೆಯಿರಿ. ಎರವಲು ಪದ ಬೇಡವೇ ಬೇಡ.

ಎರಡನೆಯ ಉತ್ತರ:
‘ಜಿಲ್ಲಾಧಿಕಾರಿ’ ಎಂದು ದಿನವೂ ಬರೆಯುವ ನಾವು ಇಲ್ಲಿ ಅರಿಸಮಾಸದ ತಕರಾರು ತೆಗೆಯುವುದರಲ್ಲಿ ಅರ್ಥವಿಲ್ಲ. ಪೆಟ್ಟಿಗೆಯ ಮೇಲೆ ಇರುವುದೂ ಅಂಗಡಿಯಲ್ಲಿ ಕೇಳಬೇಕಾದುದೂ ‘ಫಿಶ್ ಫೈಂಡರ್’ ಎಂಬ ಹೆಸರೇ ಆದುದರಿಂದ ಅದನ್ನೇ ಉಳಿಸಿ. ‘ಟ್ರಾನ್ಸ್‌ಡ್ಯೂಸರ್’ ಕೂಡ ಹಾಗೆಯೇ ಇರಲಿ. ಕೆಟ್ಟಾಗ ಬದಲಿ ತರಬೇಕಾದ ಭಾಗವದು. ‘ನೀರಿನೊಳಗೆ ಸದ್ದು ಬಿಟ್ಟು ಮರುದನಿ ಹಿಡಿಯುವ ಭಾಗ’ ಎಂದು ಒಮ್ಮೆ ವಿವರಿಸಿದರೆ ಸಾಕು.

‘ಮೀನ್‌ಹುಡುಕ’ ಎಂಬುದು ಕೊಳ್ಳುವವರ ದಾರಿ ತಪ್ಪಿಸುತ್ತದೆ. ಸಾಧನ ಮೀನನ್ನು ಗುರುತಿಸುವುದಿಲ್ಲ. ಕಡಲ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವ ಸದ್ದು ತಳಕ್ಕೆ ತಾಗಿ ಹಿಂದಿರುಗಲು ತೆಗೆದುಕೊಂಡ ಹೊತ್ತಿನಿಂದ ಆಳವನ್ನು ಲೆಕ್ಕ ಹಾಕುತ್ತದೆ. ನಡುವೆ ಮೀನಿನ ಗಾಳಿಚೀಲ ಎದುರಾದರೆ ಅದರ ಮರುದನಿಯನ್ನೂ ತೋರಿಸುತ್ತದೆ. ಅಗ್ಗದ ಸಾಧನಗಳಲ್ಲಿ ನೀರಿನ ಗುಳ್ಳೆಯೂ ತೇಲುವ ಕಸವೂ ಮೀನಿನ ಚಿತ್ರವಾಗಿ ಮೂಡುವುದುಂಟು. ಆ ಚಿತ್ರಗಳನ್ನು ನಿಲ್ಲಿಸಿ, ಮರುದನಿಯ ಗೆರೆಗಳನ್ನೇ ನೋಡಲು ಅವಕಾಶವಿರುವ ಸಾಧನವನ್ನು ಕೊಳ್ಳಿರೆಂದು ಕರಪತ್ರದಲ್ಲಿ ಸ್ಪಷ್ಟವಾಗಿ ಹೇಳಿ.

ಫ್ಯಾದಮ್‌ಗೆ ‘ಮಾರು’ ಎಂಬುದೇ ಸರಿಯಾದ ಪದ. ಹೊಸದನ್ನು ಹುಡುಕುವ ಅಗತ್ಯವೇ ಇಲ್ಲ. ಎರಡೂ ಕೈ ಚಾಚಿದಷ್ಟು ಉದ್ದ, ಅಂದರೆ ಸುಮಾರು ಆರು ಅಡಿ. ಹಲವು ಸಾಧನಗಳಲ್ಲಿ ಅಡಿ, ಮೀಟರ್, ಫ್ಯಾದಮ್ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಫ್ಯಾದಮ್ ಆರಿಸಿದರೆ ಪರದೆಯ ಅಂಕಿ ಮಾರಿನ ಲೆಕ್ಕದಲ್ಲೇ ಬರುತ್ತದೆ.

ಬೀಮ್ ಆ್ಯಂಗಲ್‌ಗೆ (ಸದ್ದು ನೀರಿನಲ್ಲಿ ಹರಡುವ ಕೋನ) ‘ಸದ್ದಿನ ಹರವು’ ಎಂದು ಬರೆದು ಲೆಕ್ಕವನ್ನೂ ಕೊಡಿ. 20 ಡಿಗ್ರಿ ಹರವಿದ್ದರೆ 15 ಮಾರು ಆಳದಲ್ಲಿ ಸುಮಾರು 5 ಮಾರು ಅಗಲದ ವೃತ್ತ ಕಾಣುತ್ತದೆ, 45 ಡಿಗ್ರಿಯಿದ್ದರೆ 12 ಮಾರು. ಹರವು ದೊಡ್ಡದಾದಂತೆ ಹೆಚ್ಚು ಜಾಗ ಸಿಗುವುದೇನೋ ನಿಜ, ಆದರೆ ಮೀನು ದೋಣಿಯ ಯಾವ ಬದಿಗಿದೆ ಎಂಬುದು ತಿಳಿಯದು. ಸದ್ದು ಎಷ್ಟು ಬೇಗ ಕಂಪಿಸುತ್ತದೆ ಎಂಬುದನ್ನು ಕಿಲೋಹರ್ಟ್ಸ್‌ನಲ್ಲಿ ಹೇಳುತ್ತಾರೆ: 200 ಕಿಲೋಹರ್ಟ್ಸ್ ದಡದ ಬಳಿಯ ಆಳವಿಲ್ಲದ ನೀರಿಗೆ ಸ್ಪಷ್ಟ, 50 ಆಳಕ್ಕೆ. ಇಲ್ಲಿ ಅಂಕಿಯೇ ಸಾಕು, ಪಠ್ಯಪುಸ್ತಕದ ‘ಆವೃತ್ತಿ’ ಬೇಡ.

ವಾಟರ್‌ಪ್ರೂಫ್‌ಗೆ ‘ಜಲನಿರೋಧಕ’ ಎಂದಷ್ಟೇ ಬರೆದು ಬಿಡಬೇಡಿ. ಪೆಟ್ಟಿಗೆಯ ಮೇಲಿನ ಐಪಿಎಕ್ಸ್7 ಎಂಬ ಗುರುತಿಗೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದು ಎಂದಷ್ಟೇ ಅರ್ಥ. ಉಪ್ಪುನೀರಿನಿಂದ ತಂತಿಯ ಕೊಂಡಿಗಳು ತುಕ್ಕು ಹಿಡಿಯುವುದಿಲ್ಲವೆಂಬ ಭರವಸೆ ಅದರಲ್ಲಿಲ್ಲ. ಆದ್ದರಿಂದ ದಡಕ್ಕೆ ಬಂದೊಡನೆ ಸಿಹಿನೀರಿನಲ್ಲಿ ಒರೆಸಿ ಒಣಗಿಸಬೇಕೆಂಬ ಮಾತನ್ನು ಅದೇ ಸಾಲಿನಲ್ಲಿ ಸೇರಿಸಿ.