ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ಗುಲಾಮಗಿರಿಯಾ, ರಾಜ್ಯಗಳ ಹಕ್ಕಾ?

ಶಶಿಕಲಾ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಾ ಇದ್ದೇನೆ, ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಕೆಲವರು ಗುಲಾಮಗಿರಿಯೇ ಕಾರಣ ಅಂತಾರೆ, ಕೆಲವರು ಅದು ರಾಜ್ಯಗಳ ಹಕ್ಕಿನ ಜಗಳ ಅಂತಾರೆ. ಗುಲಾಮಗಿರಿ ಈಗಾಗಲೇ ಇರುವ ರಾಜ್ಯಗಳಲ್ಲಿ ಅದನ್ನು ಮುಟ್ಟುವುದಿಲ್ಲ ಅಂತ ಲಿಂಕನ್ನೇ ಹೇಳಿದ್ದ ಅಲ್ವಾ? ಮತ್ತೆ ದಕ್ಷಿಣದವರು ಅಷ್ಟು ಹೆದರಿದ್ದು ಯಾಕೆ?

ಹಳೇ ನಕಾಶೆ:
ಜಗಳ ಇದ್ದದ್ದು ಹೊಸ ಜಮೀನಿನ ಮೇಲೆ, ಅಲ್ಲಿ ಗುಲಾಮಗಿರಿ ಇರಬೇಕಾ ಬೇಡವಾ ಅಂತ. ಸೆನೆಟ್‌ನಲ್ಲಿ, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆಯಲ್ಲಿ, ದೊಡ್ಡ ರಾಜ್ಯವಾಗಲಿ ಚಿಕ್ಕದಾಗಲಿ ತಲಾ ಎರಡೇ ಸೀಟು. ಉತ್ತರದಲ್ಲಿ ಜನಸಂಖ್ಯೆ ಬೆಳೆಯುತ್ತಾ ಹೋದ ಹಾಗೆ ಕೆಳಮನೆ ದಕ್ಷಿಣದವರ ಕೈತಪ್ಪಿತು, ಅವರಿಗೆ ಉಳಿದ ಗೋಡೆ ಅಂದರೆ ಸೆನೆಟ್ ಒಂದೇ. ಅದಕ್ಕೇ 1820ರಲ್ಲಿ ಮಿಸೌರಿಯನ್ನು ಗುಲಾಮಗಿರಿಯ ರಾಜ್ಯವಾಗಿ ಸೇರಿಸಲು ಒಪ್ಪಿದಾಗ ಜೊತೆಗೆ ಮೇಯ್ನ್ ಅನ್ನು ಮುಕ್ತ (ಗುಲಾಮಗಿರಿ ಇಲ್ಲದ) ರಾಜ್ಯವಾಗಿ ಸೇರಿಸಿ ಲೆಕ್ಕ ಸರಿ ಮಾಡಿದರು. ಮಿಸೌರಿಯ ಪಶ್ಚಿಮಕ್ಕೆ ನಕಾಶೆ ಮೇಲೆ ಒಂದು ಗೆರೆಯನ್ನೂ ಎಳೆದರು, ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ ಅಂತ. ಮೆಕ್ಸಿಕೋದಿಂದ ದೊಡ್ಡ ಪ್ರದೇಶ ಕೈಗೆ ಬಂದು, 1850ರಲ್ಲಿ ಕ್ಯಾಲಿಫೋರ್ನಿಯಾ ಮುಕ್ತ ರಾಜ್ಯವಾಗಿ ಸೇರಿದಾಗ ಆ ಲೆಕ್ಕ ತಪ್ಪಿತು.

1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ತಂದ ಕಾನೂನು ಆ ಗೆರೆಯನ್ನೇ ಅಳಿಸಿತು. ಕ್ಯಾನ್ಸಸ್‌ನಲ್ಲಿ ಗುಲಾಮಗಿರಿ ಬೇಕೋ ಬೇಡವೋ ಅಲ್ಲಿನ ಜನರೇ ವೋಟು ಹಾಕಿ ತೀರ್ಮಾನಿಸಲಿ ಅಂತ. ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ 1855ರ ಮಾರ್ಚ್ ಚುನಾವಣೆಯಲ್ಲಿ ಅರ್ಹ ಮತದಾರರು ಮೂರು ಸಾವಿರಕ್ಕೂ ಕಡಿಮೆ, ಬಿದ್ದ ವೋಟು ಆರು ಸಾವಿರಕ್ಕೂ ಜಾಸ್ತಿ! ಪಕ್ಕದ ಮಿಸೌರಿಯಿಂದ ಜನ ಬಂದೂಕು ಹಿಡಿದು ಗಡಿ ದಾಟಿ ಬಂದು ವೋಟು ಒತ್ತಿ ಹೋಗಿದ್ದರು. ಅಲ್ಲಿಂದ ಕೊಲೆ, ಬೆಂಕಿ ಶುರುವಾಯಿತು.

ಲಿಂಕನ್ 1860ರಲ್ಲಿ ಗೆದ್ದಾಗ ದಕ್ಷಿಣದ 10 ರಾಜ್ಯಗಳಲ್ಲಿ ಅವನಿಗೆ ಒಂದು ವೋಟೂ ಬಿದ್ದಿರಲಿಲ್ಲ. ನಮ್ಮನ್ನು ಕೇಳದೆಯೇ ಅಧ್ಯಕ್ಷನನ್ನು ಆರಿಸಬಹುದು ಅಂತ ಅವರಿಗೆ ಅವತ್ತು ಅರ್ಥವಾಯಿತು. ನನ್ನ ಪ್ರಕಾರ ಹೆದರಿಕೆಯ ಬೇರು ಇದು.

ಮಂಜುನಾಥ ಕೆ:
ಆಮದು ಸುಂಕದ ಜಗಳವೂ ಇತ್ತಲ್ಲ ಸರ್? ಅದನ್ನು ಯಾಕೆ ಬಿಟ್ಟಿರಿ?

ಸೀತಾಳೆ:
ಮಂಜುನಾಥ ಅವರೇ, ಸುಂಕವನ್ನು 1857ರಲ್ಲಿ ಇಳಿಸಿಯೇ ಇದ್ದರು. 1860ರ ಡಿಸೆಂಬರ್ 20ರಂದು ಒಕ್ಕೂಟ ಬಿಟ್ಟ ಸೌತ್ ಕೆರೊಲಿನಾ ಕೊಟ್ಟ ಕಾರಣಗಳ ಘೋಷಣೆಯನ್ನು ಒಮ್ಮೆ ಓದಿ. ಅದರಲ್ಲಿ ಸುಂಕದ ಮಾತೇ ಇಲ್ಲ. ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ಕೊಡುತ್ತಿಲ್ಲ ಅನ್ನೋದೇ ದೊಡ್ಡ ದೂರು. ರಾಜ್ಯಗಳ ಹಕ್ಕಿಗಾಗಿ ಹೊರಟವರು, ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದವು ಅಂತ ದೂರಿದ್ದಾರೆ, ಗಮನಿಸಿ.

ಓಡಿಹೋದ ಗುಲಾಮರನ್ನು ಹಿಡಿದು ಕೊಡಬೇಕು ಅಂತಿದ್ದ 1850ರ ಕಾನೂನಿನ ಪ್ರಕಾರ ಸಿಕ್ಕಿಬಿದ್ದವರಿಗೆ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು) ಇಲ್ಲ, ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತಿಲ್ಲ. ವಿಚಾರಿಸುವ ಅಧಿಕಾರಿ ಆ ಮನುಷ್ಯನನ್ನು ಮಾಲೀಕನಿಗೆ ಒಪ್ಪಿಸಿದರೆ ಆ ಅಧಿಕಾರಿಗೆ 10 ಡಾಲರ್, ಬಿಟ್ಟು ಕಳಿಸಿದರೆ 5 ಡಾಲರ್. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು.

ಈ ಕಾನೂನಿನಡಿ ಸಿಕ್ಕಿಬಿದ್ದ ಒಬ್ಬನ ಕಥೆ ಹೇಳುತ್ತೇನೆ. ದಕ್ಷಿಣದ ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದ ಗುಲಾಮ ಆಂಥೊನಿ ಬರ್ನ್ಸ್‌ಗೆ ಆಗ 20ರ ಹತ್ತಿರ ವಯಸ್ಸು, ಉತ್ತರದ ಬಾಸ್ಟನ್‌ನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. 1854ರ ಮೇ ತಿಂಗಳಲ್ಲಿ ಹಿಡಿದರು. ಜೂನ್ 2ರಂದು ಆ ಒಬ್ಬ ಹುಡುಗನನ್ನು ಹಡಗಿಗೆ ಹತ್ತಿಸೋಕೆ ಸೈನಿಕರು ಬೀದಿಯುದ್ದಕ್ಕೂ ಕಾವಲು ನಿಂತರು, ಸಾವಿರಾರು ಜನ ಎರಡೂ ಬದಿ ನೆರೆದಿದ್ದರು, ಕಟ್ಟಡಗಳ ಮೇಲೆ ಕಪ್ಪು ಬಟ್ಟೆ, ಬೀದಿಗೆ ಅಡ್ಡಲಾಗಿ ಒಂದು ಶವಪೆಟ್ಟಿಗೆ ತೂಗುಬಿಟ್ಟಿದ್ದರು, ಅದರ ಮೇಲೆ 'ಸ್ವಾತಂತ್ರ್ಯ' ಅಂತ ಬರೆದಿತ್ತು. ಅಲ್ಲಿಯವರೆಗೆ 'ನಮಗೇಕೆ ಆ ಉಸಾಬರಿ' ಅಂತಿದ್ದ ವ್ಯಾಪಾರಸ್ಥರೂ ಅವತ್ತು ಬದಲಾದರು. ಗುಲಾಮಗಿರಿ ದೂರದ ಹತ್ತಿ ಹೊಲದಲ್ಲಿ ಉಳಿದಿರಲಿಲ್ಲ, ಅವರದೇ ಬೀದಿಗೆ ಬಂದಿತ್ತು.

ಹಳೇ ನಕಾಶೆ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ತನಗೆ ಬಿಡುಗಡೆ ಬೇಕು ಅಂತ ಕೋರ್ಟಿಗೆ ಹೋದ ಗುಲಾಮ ಡ್ರೆಡ್ ಸ್ಕಾಟ್‌ನ ಕೇಸಿನ 1857ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಪ್ಪು ಜನ ಈ ದೇಶದ ಪ್ರಜೆಗಳಾಗಲಾರರು, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಕಾಂಗ್ರೆಸ್‌ಗೆ (ಅಮೆರಿಕದ ಸಂಸತ್ತಿಗೆ) ಇಲ್ಲ ಅಂದಿತು. ಆಮೇಲೆ ರಾಜಿ ಮಾಡಿಕೊಳ್ಳೋಣ ಅಂದರೂ ಜಾಗ ಎಲ್ಲಿತ್ತು?

ಶಶಿಕಲಾ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ 10 ಡಾಲರ್, 5 ಡಾಲರ್ ಲೆಕ್ಕ ಮನಸ್ಸಿನಿಂದ ಹೋಗುತ್ತಿಲ್ಲ. ಬರ್ನ್ಸ್ ಆಮೇಲೆ ಏನಾದ?

ಸೀತಾಳೆ:
ಮರುವರ್ಷ ಬಾಸ್ಟನ್ ಜನ ದುಡ್ಡು ಒಟ್ಟು ಮಾಡಿ ಬಿಡಿಸಿಕೊಂಡರು. ಓಬರ್ಲಿನ್ ಕಾಲೇಜಿನಲ್ಲಿ ಓದಿದ, ಆಮೇಲೆ ಕೆನಡಾಕ್ಕೆ ಹೋಗಿ ಚರ್ಚ್ ಒಂದರಲ್ಲಿ ಪಾದ್ರಿಯಾದ. 1862ರಲ್ಲಿ, 28ನೇ ವಯಸ್ಸಿಗೆ ತೀರಿಕೊಂಡ. ಯುದ್ಧ ಇನ್ನೂ ನಡೆಯುತ್ತಿತ್ತು.