ತಲಕಾವೇರಿಯಿಂದ ಪೂಂಪುಹಾರ್‌ಗೆ ತಂಗಿಯ ಓಟ: ಜೊತೆಗಿನ ವ್ಯಾನ್ ಹೇಗಿರಬೇಕು?

ನಾಪೋಕ್ಲಿನವ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ಡಿಸೆಂಬರಿನಲ್ಲಿ ತಲಕಾವೇರಿಯಿಂದ ಹೊರಟು ಕಾವೇರಿ ಸಮುದ್ರ ಸೇರುವ ಪೂಂಪುಹಾರ್‌ವರೆಗೆ ಓಡುತ್ತೇನೆ ಅಂತ ಕೂತಿದ್ದಾಳೆ. ಹೊಳೆಯ ಉದ್ದ ಸುಮಾರು 800 ಕಿ.ಮೀ., ರಸ್ತೆ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆಗಬಹುದು. ದಿನಕ್ಕೆ 40 ಕಿ.ಮೀ. ಅಂತ ಅವಳ ಯೋಜನೆ. ಮ್ಯಾರಥಾನ್ ಓಡಿ ಪಳಗಿದವಳು, ಓಟದ ಬಗ್ಗೆ ನನಗೆ ಚಿಂತೆ ಇಲ್ಲ. ವ್ಯಾನೇ ತಲೆನೋವು.

ದೊಡ್ಡಪ್ಪನ ಹಳೇ ಟಿ.ಟಿ. (ಟೆಂಪೋ ಟ್ರಾವೆಲರ್) ಇದೆ. ಹಿಂದಿನ ಸೀಟು ತೆಗೆಸಿ ಮಂಚ, ಸಿಂಕ್, ಸಣ್ಣ ಫ್ರಿಜ್, ಮೇಲೆ ಸೋಲಾರ್ ಹಾಕಿಸುವ ಯೋಚನೆ. ಫ್ರಿಜ್ ಬೇಕೇ ಬೇಕಾ? ಟಾಯ್ಲೆಟ್ ಒಳಗೇ ಮಾಡಿಸಬೇಕಾ? ರಾತ್ರಿ ಎಲ್ಲಿ ನಿಲ್ಲಿಸುವುದು? ನಾನು ಅವಳ ಹಿಂದೆಯೇ ನಿಧಾನಕ್ಕೆ ಓಡಿಸಿಕೊಂಡು ಬರಬೇಕಾ? ಹೋಗುವುದು ನಾವಿಬ್ಬರೇ.

ಸ್ಟೇರಿಂಗ್ ಮಡಿಕೇರಿ

ಬಸ್ ಓಡಿಸಿ ನಿವೃತ್ತನಾದವನು. ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ. ಹಿಂದೆ ಬರಲೇಬೇಡಿ. ನಮ್ಮ ರಸ್ತೆಗೆ ಪಕ್ಕದಲ್ಲಿ ಜಾಗವೇ ಇಲ್ಲ, ನೀವು ನಡಿಗೆಯ ವೇಗದಲ್ಲಿ ಬಂದರೆ ಹಿಂದಿನವರು ತಿರುವಿನಲ್ಲೇ ಓವರ್‌ಟೇಕ್ ಮಾಡಲು ನುಗ್ಗುತ್ತಾರೆ. ಆಗ ಪೆಟ್ಟು ಬೀಳುವುದು ಓಡುವವರಿಗೆ. ನಿಮ್ಮ ಕ್ಲಚ್ಚೂ ಸುಡುತ್ತದೆ. ಮೂರ್ನಾಲ್ಕು ಕಿ.ಮೀ. ಮುಂದೆ ಹೋಗಿ, ಟಾರಿನಿಂದ ಪೂರ್ತಿ ಕೆಳಗಿಳಿಸಿ, ದೂರದಿಂದ ಕಾಣುವ ಜಾಗದಲ್ಲಿ ನಿಲ್ಲಿಸಿ.

ತಲಕಾವೇರಿಯಿಂದ ಭಾಗಮಂಡಲಕ್ಕೆ 8 ಕಿ.ಮೀ. ಇಳಿಜಾರು. ಸೆಕೆಂಡ್ ಗೇರಿನಲ್ಲೇ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಬೆಳಗ್ಗೆ ತೋಟಕ್ಕೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪು, ಪಿಕಪ್‌ಗಳ ಅವಸರ ನಿಮಗೇ ಗೊತ್ತು. ತಂಗಿಗೆ ರಸ್ತೆಯ ಬಲಬದಿಯಲ್ಲಿ, ಬರುವ ವಾಹನ ನೋಡಿಕೊಂಡು ಓಡಲು ಹೇಳಿ. ಸೀಟು ತೆಗೆಸುವ ಮೊದಲು ಆರ್‌ಟಿಓದಲ್ಲಿ ಕೇಳಿ, ಆರ್‌ಸಿಯಲ್ಲಿ ನಮೂದಾಗದ ಬದಲಾವಣೆಗೆ ತಮಿಳುನಾಡಿನಲ್ಲಿ ಕೈ ಅಡ್ಡ ಹಾಕಿದರೆ ಕಷ್ಟ.

ಗೋಣಿಕೊಪ್ಪದ ಅಕ್ಕ

ತಮ್ಮಾ, ನಮ್ಮೆಜಮಾನರು ಮಂಗಳೂರಿನಿಂದ ಚೆನ್ನೈಗೆ ಓಡಿದಾಗ ಓಮ್ನಿ ಓಡಿಸಿದವಳು ನಾನು. ಸೋಲಾರ್ ವಿಷಯ ಆಮೇಲೆ. ನಿನ್ನ ಬರಹದ ಕೊನೇ ಸಾಲು ಓದಿ ನನಗೆ ಗಾಬರಿ ಆಯಿತು. ಇಬ್ಬರೇ ಹೋಗಬೇಡಿ. ಮೊದಲು ಮೂರನೆಯವರೊಬ್ಬರನ್ನು ಹುಡುಕು, ಮಂಚ ಸಿಂಕ್ ಎಲ್ಲ ಆಮೇಲೆ.

ಓಡುವವರಿಗೆ ಓಡುವುದು, ತಿನ್ನುವುದು, ಮಲಗುವುದು. ವ್ಯಾನಿನವರಿಗೆ? ನೀರಿನ ಕ್ಯಾನ್ ತುಂಬಿಸು, ಬೆವರಿನ ಬಟ್ಟೆ ಹಿಂಡಿ ಡ್ಯಾಶ್‌ಬೋರ್ಡ್ ಮೇಲೆ ಹರಡು, ಪೆಟ್ರೋಲ್ ಹಾಕಿಸು, ಬಾಳೆಹಣ್ಣು ಹುಡುಕು, ರಾತ್ರಿ ತಂಗಲು ಯಾರನ್ನಾದರೂ ಕಾಡಿಬೇಡು. ಅಷ್ಟರಲ್ಲಿ ಅವರು ಬಂದರು, ಎರಡು ನಿಮಿಷ ನಿಂತರು, ಹೋದರು. ಮತ್ತೆ ಅರ್ಧ ಗಂಟೆ ಕಾಯುವುದು. ದಿನವಿಡೀ ಇದೇ. ಸ್ವಲ್ಪ ದಿನಕ್ಕೆ ಒಬ್ಬರ ಮುಖ ಒಬ್ಬರಿಗೆ ಆಗುವುದಿಲ್ಲ. ಹುಣಸೂರು ದಾಟಿ ಒಂದಿಡೀ ಮಧ್ಯಾಹ್ನ ನಾವು ಮಾತು ಬಿಟ್ಟಿದ್ದೆವು, ಕಾರಣ ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದು ಅನ್ನುವುದು. ಮೈಸೂರಿನಲ್ಲಿ ನಾದಿನಿ ಹತ್ತಿಕೊಂಡಳು. ಅವಳು ಮಾಡಿದ ಘನಕಾರ್ಯ ಹೆಚ್ಚೇನಿಲ್ಲ, ಇಬ್ಬರ ಮಧ್ಯೆ ಕೂತಳು. ಅಲ್ಲಿಂದ ಮುಂದೆ ಸಲೀಸು.

ನಮ್ಮ ಕಥೆ ಮಾತ್ರ ಅಂದುಕೊಳ್ಳಬೇಡ. ಕೆನಡಾದ ಟೆರಿ ಫಾಕ್ಸ್ 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು 143 ದಿನ, 5,373 ಕಿ.ಮೀ. ಓಡಿದನಲ್ಲ, ಅವನ ಫೋರ್ಡ್ ವ್ಯಾನ್ ಓಡಿಸಿದವನು ಗೆಳೆಯ ಡಗ್ ಆಲ್ವರ್ಡ್. ಜೀವದ ಗೆಳೆಯರು. ಶುರುವಿನ ವಾರಗಳಲ್ಲೇ ಇಬ್ಬರಿಗೂ ಮಾತಿಲ್ಲದ ಹಾಗಾಗಿ, ಟೆರಿಯ ಅಪ್ಪ ಅಮ್ಮ ವಿಮಾನ ಹತ್ತಿ ಬಂದು ಸಮಾಧಾನ ಮಾಡಬೇಕಾಯಿತು. ಆಮೇಲೆ ಟೆರಿಯ ತಮ್ಮ ಡ್ಯಾರೆಲ್ ವ್ಯಾನಿಗೆ ಬಂದ.

ಮೂರನೆಯವರು ಹೆಂಗಸಾದರೆ ಒಳ್ಳೆಯದು. ನೀನು ಅಣ್ಣ, ನಿನಗೆ ಹೊಳೆದಿರಲಿಕ್ಕಿಲ್ಲ: 20 ದಿನದ ಓಟ ಅಂದರೆ ಮಧ್ಯೆ ಮುಟ್ಟಿನ ದಿನಗಳು ಬರುವ ಸಂಭವವೇ ಹೆಚ್ಚು. ಟಾಯ್ಲೆಟ್ ವಿಷಯದಲ್ಲಿ ಇದನ್ನು ಮೊದಲು ಲೆಕ್ಕಕ್ಕೆ ಹಿಡಿ. ಫೈಬರ್ ಕೋಣೆ ಮಾಡಿಸಿ ದುಡ್ಡು ಸುರಿಯಬೇಡ. ಮುಚ್ಚಳದ ಬಕೆಟ್, ಮಿಲ್ಲಿನಿಂದ ಒಂದು ಚೀಲ ಮರದ ಹೊಟ್ಟು, ಒಳಗೆ ಎಳೆಯಲು ದಪ್ಪ ಪರದೆ, ಬೇಕಾದಷ್ಟು ನೀರು. ಪೆಟ್ರೋಲ್ ಬಂಕ್ ಸಿಕ್ಕಲ್ಲೆಲ್ಲ ನಿಲ್ಲಿಸು. ಫ್ರಿಜ್ ಬೇಡ, ಮೀನಿನವರ ಹತ್ತಿರ ಇರುವಂಥ ಥರ್ಮೋಕೋಲ್ ಪೆಟ್ಟಿಗೆ, ದಿನಾ ಒಂದಿಷ್ಟು ಐಸ್. 5 ಕೆಜಿ ಸಿಲಿಂಡರ್ ಸಾಕು.

ಓಡುವವರನ್ನು "ಏನು ಬೇಕು?" ಅಂತ ಕೇಳಬೇಡ. "ಏನೂ ಬೇಡ" ಅನ್ನುತ್ತಾರೆ, ಮುಂದೆ ಹೋಗಿ ತಲೆ ಸುತ್ತಿ ಕೂರುತ್ತಾರೆ. ಸುಮ್ಮನೆ ಕೈಗೆ ಕೊಡು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 30 ಇರುತ್ತದೆ. ಓಟಗಾರರು ಶಕ್ತಿಗೆ ಅಂತ ಹೀರುವ ಸಿಹಿ ಜೆಲ್ ಪೊಟ್ಟಣ ಕಂಡರೆ ವಾಕರಿಕೆ ಬರುವ ದಿನ ಬರುತ್ತದೆ, ಆಗ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿ ಕೊಡು, ನೂಪುಟ್ಟಿಗೆ (ಅಕ್ಕಿ ಶ್ಯಾವಿಗೆ) ಬೆಲ್ಲ, ಇಲ್ಲವೇ ಗಂಜಿ. ಪಂದಿಕರಿ (ಹಂದಿಮಾಂಸದ ಸಾರು) ಮರುದಿನ ವಿಶ್ರಾಂತಿ ಇದ್ದರೆ ಮಾತ್ರ. (ನಮ್ಮವರು ಈ ನಿಯಮ ಒಪ್ಪಲೇ ಇಲ್ಲ.)

ಇನ್ನು ಹೊರಡುವ ಹೊತ್ತು. ಬಯಲುಸೀಮೆಯ ಓಟಗಾರರು ಬೆಳಗಿನ 4ಕ್ಕೆ ಹೊರಡಿ ಅಂತ ಹೇಳುತ್ತಾರೆ. ಸಿದ್ದಾಪುರ, ನೆಲ್ಲಿಹುದಿಕೇರಿ ಕಡೆ ಆ ಹೊತ್ತಿಗೆ ರಸ್ತೆಯಲ್ಲಿ ಆನೆ ಇರುತ್ತದೆ ಅಂತ ನಿನಗೆ ಹೇಳಬೇಕಾ? ಚೆನ್ನಾಗಿ ಬೆಳಕಾದ ಮೇಲೆಯೇ ಹೊರಡಿ, ಆ ಕಡೆ ವ್ಯಾನ್ ಅವಳ ಕಣ್ಣಳತೆಯಲ್ಲೇ ಇರಲಿ. ರಾತ್ರಿ ತೋಟದಂಚಿನಲ್ಲಿ ನಿಲ್ಲಿಸಬೇಡ, ಅಕ್ಕಿ ಬಾಳೆಹಣ್ಣಿನ ವಾಸನೆಗೆ ಆನೆ ಬರುತ್ತದೆ. ದೇವಸ್ಥಾನದ ಅಂಗಳ, ಶಾಲೆ ಮೈದಾನ, ಪರಿಚಯದವರ ಕಣ, ಕೇಳಿದರೆ ಕೊಡುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಕಾಡು ಕಳೆಯುವವರೆಗೂ ಇದೇ ಕ್ರಮ. ಮೆಟ್ಟೂರು ದಾಟಿದ ಮೇಲೆ ಬೇಕಾದರೆ 4ಕ್ಕೆ ಎಬ್ಬಿಸು, ಅಲ್ಲಿ ಬಿಸಿಲೇ ಶತ್ರು.

ಡಿಸೆಂಬರ್ ನನಗೆ ಸರಿ ಕಾಣಲಿಲ್ಲ. ಇಲ್ಲಿ ಮಳೆ ನಿಂತಿರುತ್ತದೆ, ಸರಿ. ತಂಜಾವೂರು ಕಡೆ ಹಿಂಗಾರು ಮಳೆ, ಚಂಡಮಾರುತದ ಕಾಲ ಅದು. ಜನವರಿ ಪೊಂಗಲ್ ಕಳೆದು ಹೊರಡಿ. ಮುರುಗನ ಹಬ್ಬ ತೈಪೂಸದ ಸಮಯಕ್ಕೆ ಈರೋಡ್, ಕರೂರು ಕಡೆಯ ರಸ್ತೆಗಳಲ್ಲಿ ಪಳನಿಗೆ ನಡೆದುಹೋಗುವವರು ತುಂಬಾ, ಕಾಲ್ನಡಿಗೆಯವರನ್ನು ನೋಡಿ ಅಲ್ಲಿನ ಲಾರಿಯವರಿಗೂ ಅಭ್ಯಾಸ. ರೊಬಸ್ಟಾ ಕಾಫಿ ಕೊಯ್ಲಿನ ಹೊತ್ತಿಗೆ ಇಬ್ಬರನ್ನೂ ನಿಮ್ಮಪ್ಪ ಬಿಡುತ್ತಾರಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮೈಸೂರು ಫಿಸಿಯೋ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬರೀ ನೀರು ಜಾಸ್ತಿ ಕುಡಿಸುವುದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದರೆ ತಲೆನೋವು, ವಾಂತಿ, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ವ್ಯಾನಿನಲ್ಲಿ ತೂಕದ ಯಂತ್ರ ಇಡಿ. ಓಡುವ ಮೊದಲು, ಓಡಿದ ಮೇಲೆ ತೂಗಿ. ಓಡಿದ ಮೇಲೆ ತೂಕ ಏರಿದ್ದರೆ ನೀರು ಹೆಚ್ಚಾಗಿದೆ ಅಂತ ಅರ್ಥ. ಬಾಯಾರಿದಾಗ ಕುಡಿಯಲಿ, ಓಆರ್‌ಎಸ್ ಇರಲಿ. ಪಾದ ಊದುತ್ತದೆ, ಅರ್ಧ ಸೈಜ್ ದೊಡ್ಡ ಶೂ ಒಂದು ಜೊತೆ ಇಟ್ಟುಕೊಳ್ಳಿ.

ನಾಪೋಕ್ಲಿನವ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನ ಹತ್ತಿರ ಜನವರಿ ಮಾತು ತೆಗೆದೆ, ಇನ್ನೂ ಉತ್ತರ ಬಂದಿಲ್ಲ. ಅಕ್ಕಾ, ಮೂರನೆಯವರಾಗಿ ಚಿಕ್ಕಮ್ಮ ಬರುತ್ತೇನೆ ಅಂತಿದ್ದಾರೆ. ಅಡುಗೆ, ಮಾತು ಎರಡರಲ್ಲೂ ಗಟ್ಟಿ. ತೊಂದರೆ ಅಂದರೆ ಮಡಿಕೇರಿಗೆ ಹೋಗುವಷ್ಟರಲ್ಲೇ ಅವರಿಗೆ ವಾಂತಿ.

ಗೋಣಿಕೊಪ್ಪದ ಅಕ್ಕ

ಕರೆದುಕೊಂಡು ಹೋಗು! ವ್ಯಾನ್ ಒಂದು ಸಲಕ್ಕೆ ಹೋಗುವುದೇ ಮೂರ್ನಾಲ್ಕು ಕಿ.ಮೀ., ಆಮೇಲೆ ಅರ್ಧ ಗಂಟೆ ನಿಂತಿರುತ್ತದೆ. ಮುಂದಿನ ಸೀಟು ಕೊಡು, ಕಿಟಕಿ ತೆಗೆದಿಡು. ಹೇಗೂ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಕಷ್ಟ ಆಗುತ್ತದೆ, ಆ ದಿನ ಬೆಳಗ್ಗೆ ಹೊಟ್ಟೆ ತುಂಬಾ ತಿನ್ನಿಸಬೇಡ. ಮತ್ತೆ ಉಪ್ಪಿನ ಡಬ್ಬಿ ಎಲ್ಲಿಡುವುದು ಅಂತ ಅವರೇ ತೀರ್ಮಾನ ಮಾಡಲಿ, ನೀವಿಬ್ಬರೂ ಅದಕ್ಕೆ ಕೈ ಹಾಕಬೇಡಿ.